ಶಿಲ್ಪಶ್ರೀಯ ಕಿಟಕಿಯ ಒಂಟಿ ಜೇನು

ಕಮ್ಮರಡಿಯಲ್ಲಿ ಬಸ್ಸಿಳಿದು ಬ್ಲೌಸ್ ಹೊಲಿಯುವ ಶಿಲ್ಪಶ್ರೀಯ ಮನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ನನ್ನ ಅಂಗಡಿಯನ್ನು ತೋರಿಸುತ್ತಾರೆ. ನನ್ನದು ನೂಲು, ಲೈನಿಂಗ್ ಬಟ್ಟೆ, ಹುಕ್ಕು, ಸೀರೆ ಫಾಲ್ ಮಾರುವ ಸಣ್ಣ ಅಂಗಡಿ. ಅದರ ಹಿಂದಿನ ಮನೆ ಅವಳದು. ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಜಾಗ. ಅವಳು ಮದುವೆಯಾಗಿ ಬಂದಾಗಿನಿಂದ ಆ ಜಾಗದಲ್ಲಿ ನೂಲು ಆ ಕಡೆ ಹೋಗುತ್ತದೆ, ಸುದ್ದಿ ಈ ಕಡೆ ಬರುತ್ತದೆ. ಹಾಗಾಗಿ ಅವಳ ವಿಷಯ ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಇಲ್ಲ ಎನ್ನುವವರು ಬೇರೆ ಕಡೆ ಹುಕ್ಕು ಕೊಳ್ಳಲಿ.

ಅವಳ ತವರು ಶೃಂಗೇರಿ ಸೀಮೆಯ ಕೆರೆಕಟ್ಟೆ. ಬಸ್ಸೇ ಅಪರೂಪವಾದ ಊರಿನವಳಾದ್ದರಿಂದ ಕಾಯುವುದು ಅವಳಿಗೆ ಚಿಕ್ಕಂದಿನಿಂದಲೇ ರೂಢಿ. ಮದುವೆಯಾಗಿ ಬರುವಾಗ ತನ್ನ ಹೊಲಿಗೆ ಮಿಷನ್ನನ್ನು ಜೀಪಿನ ಮೇಲೆ ಕಟ್ಟಿಸಿಕೊಂಡು ಬಂದಳು. ಮದುಮಗಳು ಒಳಗೆ, ಮಿಷನ್ನು ಮೇಲೆ. ಅದನ್ನು ನೋಡಿ ನಕ್ಕವರೆಲ್ಲ ಆಮೇಲೆ ಅವಳ ಹತ್ತಿರವೇ ಅಳತೆ ಕೊಟ್ಟರು. ಗಂಡ ಸುಂದರೇಶ ಪಿಕಪ್ ಓಡಿಸುತ್ತಾನೆ. ಶುಂಠಿ, ಗೊಬ್ಬರ, ಮದುವೆ ಮನೆಯ ಪಾತ್ರೆ, ಬಾಡಿಗೆ ಯಾವುದಾದರೂ ಸರಿ. ಒಳ್ಳೆಯವನು. ಆದರೆ ಇವತ್ತು ಆಡಬೇಕಾದ ಮಾತನ್ನು ನಾಳೆಗೆ ಮುಂದೂಡುವುದರಲ್ಲಿ ಅವನನ್ನು ಮೀರಿಸುವವರು ತಾಲೂಕಿನಲ್ಲೇ ಇಲ್ಲ.

ಅತ್ತೆ ಪುಟ್ಟಕ್ಕ ಎಪ್ಪತ್ತು ದಾಟಿದವರು. ಕೆಟ್ಟ ಅತ್ತೆ ಎಂದುಕೊಳ್ಳಬೇಡಿ. ಸೊಸೆಗೆ ಜ್ವರ ಬಂದರೆ ಗಂಜಿ ಕಾಯಿಸಿ, ತಲೆ ಒತ್ತಿ, ಅವಳ ಬಟ್ಟೆಯನ್ನೂ ತಾವೇ ಒಗೆದು ಹಾಕುವವರು. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಪ್ರೀತಿ ಮಾಡುವವರ ಹತ್ತಿರ ಜಗಳ ಹೂಡುವುದು ಹೇಗೆ?

ಮದುವೆಯಾಗಿ ಹತ್ತು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಶಿವಮೊಗ್ಗದ ಡಾಕ್ಟರು, ಮಂಗಳೂರಿನ ಡಾಕ್ಟರು, ಹರಕೆ, ಉಪವಾಸ, ಯಾರೋ ಕೊಟ್ಟ ಬೇರಿನ ಕಷಾಯ, ಎಲ್ಲ ಆಯಿತು. ಕಡೆಗೆ ಒಂದು ದಿನ ಆಸ್ಪತ್ರೆಯಿಂದ ಮರಳುವಾಗ ಸುಂದರೇಶನೇ ಪಿಕಪ್ಪನ್ನು ರಸ್ತೆ ಬದಿಗೆ ನಿಲ್ಲಿಸಿ, "ಸಾಕು ಮಾರಾಯ್ತಿ, ನಿಲ್ಸುವ" ಎಂದನಂತೆ. ಇವಳು ಹೂಂ ಅಂದಳಂತೆ. ಅಲ್ಲಿಗೆ ಮುಗಿಯಿತು. ಬೇಲಿ ದಾಟಿ ಬಂದು ನನಗೆ ಇದನ್ನು ಹೇಳುವಾಗ ಅವಳು ಅಳಲಿಲ್ಲ. ಹೊಲಿದು ಮುಗಿಸಿದ ಬಟ್ಟೆಯನ್ನು ಮಡಿಸಿಟ್ಟವಳ ಮುಖ ಇತ್ತು. ಪುಟ್ಟಕ್ಕನಿಗೆ ಮಾತ್ರ ಹೇಳಲಿಲ್ಲ. ಸುಂದರೇಶ ತಾನು ಹೇಳುತ್ತೇನೆ ಎಂದಿದ್ದ. ಅವ್ವನಿಗೆ ಬಿ.ಪಿ. ಇದೆ, ಈಗ ಬೇಡ ಎಂದ. ಹಬ್ಬ ಕಳೆಯಲಿ ಎಂದ. ಹಬ್ಬಗಳು ಕಳೆದವು. ಪುಟ್ಟಕ್ಕ ಮೊಮ್ಮಗುವಿಗಾಗಿ ದೇವರಿಗೆ ಹರಕೆಯ ಕಾಯಿ ಕಟ್ಟುತ್ತಲೇ ಇದ್ದರು, ಇವರಿಬ್ಬರೂ ಕೈಮುಗಿದು ಪಕ್ಕದಲ್ಲಿ ನಿಲ್ಲುತ್ತಲೇ ಇದ್ದರು.

ಈ ಸಲದ ದೀಪಾವಳಿ ಮುಗಿದ ಮೇಲೆ ಶಿಲ್ಪಶ್ರೀಯ ಮಿಷನ್ನಿನ ಎದುರಿನ ಕಿಟಕಿಯ ಚೌಕಟ್ಟಿನ ಮೇಲೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತು. ಕಣಜ ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯಲ್ಲಿ ಬಸುರಿ ಇದ್ದಾಳೆ, ಇಲ್ಲವೇ ಸದ್ಯದಲ್ಲೇ ಆಗುತ್ತಾಳೆ ಎಂದು ಹಳಬರ ನಂಬಿಕೆ. ಅಂಥ ಗೂಡನ್ನು ಯಾರೂ ಕೆಡವುವುದಿಲ್ಲ, ಪೊರಕೆ ತಾಗಿಸುವುದಿಲ್ಲ. ಹಿಂದೆಯೂ ಆ ಮನೆಯಲ್ಲಿ ಕಣಜ ಗೂಡು ಕಟ್ಟಿತ್ತು, ಪುಟ್ಟಕ್ಕ ಕುಣಿದಾಡಿದ್ದರು, ಏನೂ ಆಗಿರಲಿಲ್ಲ. ಆದ್ದರಿಂದ ಈ ಸಲ ಅವರು ಗೂಡನ್ನು ನೋಡಿಯೂ ಸುಮ್ಮನಿದ್ದರು. ಸಂಕ್ರಾಂತಿ ಹೊತ್ತಿಗೆ ಮರಿ ಕಣಜಗಳು ಮಣ್ಣು ಕೊರೆದು ಹಾರಿಹೋದವು. ತೂತು ತೂತಾದ ಖಾಲಿ ಗೂಡು ಉಳಿಯಿತು. ಅದನ್ನು ಕೆರೆದು ತೆಗೆಯೋಣವೆಂದು ಶಿಲ್ಪಶ್ರೀ ಎರಡು ಮೂರು ಸಲ ಅಂದುಕೊಂಡಳು, ಕೆಲಸದ ನಡುವೆ ಮರೆತಳು.

ಶಿವರಾತ್ರಿಯ ಹಿಂದೆಮುಂದೆ ಆ ತೂತುಗಳಿಗೆ ಮತ್ತೆ ಒಂದು ಹುಳ ಓಡಾಡತೊಡಗಿತು. ಪುಟ್ಟಕ್ಕ ಅದನ್ನು ನೋಡಿದ್ದು ಬೆಳಿಗ್ಗೆ ಸೊಸೆಗೆ ಕಾಫಿ ಕೊಡಲು ಬಂದಾಗ. ಲೋಟ ಹಿಡಿದುಕೊಂಡು ಕಿಟಕಿಯ ಮುಂದೆ ನಿಂತುಬಿಟ್ಟರು.

"ಬಿಟ್ಟು ಹೋದ ಗೂಡಿಗೆ ವಾಪಸ್ ಬಂದದೆ ನೋಡೇ ಶಿಲ್ಪಾ. ನಾನು ಹುಟ್ಟಿದ ಮೇಲೆ ಇದನ್ನ ಕಂಡಿಲ್ಲ. ಒಂದ್ಸಲ ಕಟ್ಟಿದ್ದು ಸುಳ್ಳಾಗಬೌದು. ಮತ್ತೆ ಹುಡಿಕ್ಕಂಡು ಬಂದಿದ್ದು ಸುಳ್ಳಾಗೂದಿಲ್ಲ."

ಅಲ್ಲಿಂದ ಶುರುವಾಯಿತು. ಮಿಷನ್ ತುಳಿಯಬೇಡ ಎಂದರು. ಕಾಲಿನ ಮಿಷನ್ನು, ಹೊಟ್ಟೆಗೆ ಒಳ್ಳೆಯದಲ್ಲ. ನೀರಿನ ಕೊಡ ಎತ್ತಬೇಡ ಎಂದರು. ಪಪ್ಪಾಯಿ ಕಾಯಿಯ ಪಲ್ಯ ಮನೆಯಿಂದ ಮಾಯವಾಯಿತು. ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಪುಟ್ಟಕ್ಕ ಹಾಲಿನ ಡೈರಿಯಲ್ಲಿ ಹೇಳಿದರು. ಮಹಿಳಾ ಸಂಘದ ಸಭೆಯಲ್ಲಿ ಹೇಳಿದರು. ಕೊಪ್ಪಕ್ಕೆ ಔಷಧಿ ತರಲು ಹೋದವರು ಬಸ್ಸಿನಲ್ಲಿ ಅಕ್ಕಪಕ್ಕದ ಸೀಟಿನವರಿಗೂ ಹೇಳಿ ಬಂದರು. ಬಸುರಿ ಎಂದು ನೇರವಾಗಿ ಹೇಳಲಿಲ್ಲ. "ನಮ್ಮನೆಗೂ ದೇವ್ರು ಕಣ್ಣು ಬಿಟ್ಟ ಅಂತ ಕಾಣ್ತದೆ" ಎಂದು ಹೇಳಿ ನಕ್ಕರು. ಅಷ್ಟು ಸಾಕು ನಮ್ಮ ಊರಿಗೆ.

ಮದುವೆಯ ಸೀಸನ್ನು. ಬೇರೆ ವರ್ಷವಾದರೆ ಶಿಲ್ಪಶ್ರೀಯ ಜಗಲಿಯಲ್ಲಿ ಬಟ್ಟೆಯ ಚೀಲ ಇಡಲು ಜಾಗವಿರುವುದಿಲ್ಲ. ಈ ವರ್ಷ ಒಬ್ಬೊಬ್ಬರೇ ಬಂದು, ಕೊಟ್ಟ ಬ್ಲೌಸ್ ಪೀಸನ್ನೂ ವಾಪಸು ತೆಗೆದುಕೊಂಡು ಹೋದರು. ಸಿಟ್ಟಿನಿಂದಲ್ಲ, ಕಾಳಜಿಯಿಂದ. "ನೀ ಆರಾಮ ಮಾಡು ಮಾರಾಯ್ತಿ, ನಾವು ಕೊಪ್ಪದಲ್ಲಿ ಹೊಲಿಸ್ಕಂತೀವಿ" ಎಂದರು. ಕೆಲವರು ಹಲಸಿನ ಹಪ್ಪಳ ಕೊಟ್ಟುಹೋದರು. ಒಬ್ಬೊಬ್ಬರಿಗೂ ಇಲ್ಲ, ಹಾಗೇನಿಲ್ಲ ಎಂದು ಹೇಳಬೇಕು. ಹೇಳಿದರೆ ಅವರು ಕಣ್ಣು ಮಿಟುಕಿಸಿ, "ಮೂರು ತಿಂಗಳು ತುಂಬೂ ತನಕ ಹೇಳ್ಬಾರ್ದು ಬಿಡು" ಎನ್ನುತ್ತಾರೆ. ಒಂದು ಹೆಂಗಸು ತಾನು ಬಸುರಿಯಲ್ಲ ಎಂದು ಊರಿಗೆಲ್ಲ ಸಾಬೀತು ಮಾಡುವುದು ಹೇಗೆ? ಕಾಯಬೇಕು. ಕಾಯುತ್ತ ಕೂತರೆ ಸೀಸನ್ನು ಮುಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನು ದಿನಾ ಯಾರಾದರೊಬ್ಬರು ಬಂದು ತಟ್ಟುತ್ತಿದ್ದರು.

"ನನ್ ಕೈಲಿ ಆಗೂದಿಲ್ಲ ಅಕ್ಕಾ" ಎಂದಳು ಒಂದು ದಿನ ಬೇಲಿಯ ಹತ್ತಿರ. "ಇನ್ನೊಂದ್ಸಲ ಆಸೆ ಇಟ್ಕಳಕ್ಕೆ ಶಕ್ತಿ ಇಲ್ಲ. ಆಸೆ ಇಲ್ಲ ಅಂತ ಹೇಳಕ್ಕೂ ಶಕ್ತಿ ಇಲ್ಲ."

"ನಿನ್ ಗಂಡಂಗೆ ಬಾಯಿಲ್ವಾ?"

"ಅವ್ರು ಬೇಸಿಗೆ ಕಳೀಲಿ ಅಂತಾರೆ."

ನನಗೆ ಮೈ ಉರಿಯಿತು. ಆದರೆ ಉರಿದು ಆಗುವುದೇನು, ಪರರ ಮನೆಯ ಒಲೆ.

ಮಿಷನ್ ತುಳಿಯುವಂತಿಲ್ಲವಾದ್ದರಿಂದ ಅವಳು ಹುಕ್ಕು ಹಾಕುತ್ತ, ಅಂಚು ಹೆಮ್ಮಿಂಗ್ ಮಾಡುತ್ತ ಕಿಟಕಿಯ ಮುಂದೆ ಕೂತಿರುತ್ತಿದ್ದಳು. ಬೇರೇನೂ ಕೆಲಸವಿಲ್ಲದ ಕಣ್ಣು ಹುಳದ ಮೇಲೆ ಬೀಳುತ್ತಿತ್ತು. ಮೊದಮೊದಲು ಅದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಚಾಡಿಕೋರ ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. ಹಾಗೆ ಬೈಯುತ್ತ ನೋಡುತ್ತಿದ್ದವಳಿಗೆ ಒಂದು ಸಂಶಯ ಬಂತು. ದೀಪಾವಳಿಯ ಕಣಜ ಜೇಡವನ್ನು ಹಿಡಿದು ತಂದು ಗೂಡಿನೊಳಗೆ ತುರುಕುತ್ತಿತ್ತು. ಇದು ಜೇಡ ತರುತ್ತಿರಲಿಲ್ಲ. ಇದು ಬರುವಾಗ ಹೊಟ್ಟೆಯ ಅಡಿಗೆಲ್ಲ ಅರಿಶಿನದಂಥ ಪುಡಿ ಮೆತ್ತಿಕೊಂಡು ಬರುತ್ತಿತ್ತು.

ಅವಳು ಬೇಲಿ ನುಸುಳಿ ಓಡಿಬಂದು ಇದನ್ನು ಹೇಳಿದಾಗ ನಾನು ಗಿರಾಕಿಗೆ ಲೈನಿಂಗ್ ಹರಿಯುತ್ತಿದ್ದೆ.

"ಅದು ಕಣಜ ಅಲ್ಲ ಅಕ್ಕಾ. ಬೇರೆ ಎಂತದೋ. ಬೇರೆ ಅಂತಾದ್ರೆ ಅತ್ತೆಯ ಶಕುನ ಬಿದ್ದೋಯ್ತಲ್ಲ. ನಾನ್ ಬಾಯ್ಬಿಡೂದೇ ಬೇಡ, ಹುಳವೇ ಹೇಳ್ಲಿ."

ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡೆ. ಹುಳುಹುಪ್ಪಟೆ ನನಗೆ ಇಷ್ಟವಿಲ್ಲ, ಆದರೂ ಆ ಮುಖಕ್ಕಾಗಿ ಫೋನ್ ತೆಗೆದೆ. ನಾವು ಹೂಗಿಡದ ಹುಚ್ಚಿನ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿದೆ. ಡೇರೆ ಹೂವಿನ ಗೆಡ್ಡೆ, ಸೇವಂತಿಗೆ ಬುಡದ ಹಿಳ್ಳು ಬದಲಾಯಿಸಿಕೊಳ್ಳುವುದು ಅದರ ಕೆಲಸ. ಅದರಲ್ಲಿರುವ ಒಬ್ಬನೇ ಗಂಡಸು ನರಸಿಂಹರಾಜಪುರದ ಯಜ್ಞೇಶ ಮಾಸ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ನಮ್ಮ ಗಿಡಕ್ಕೆ ಹತ್ತುವ ಹುಳಗಳ ಹೆಸರು ಹೇಳುತ್ತಾರೆ. ಶಿಲ್ಪಶ್ರೀ ಕಿಟಕಿಯ ಸರಳಿಗೆ ಮೊಬೈಲ್ ಆನಿಸಿ ತೆಗೆದ ಫೋಟೋಗಳನ್ನು ಅವರಿಗೆ ಕಳಿಸಿದೆವು. ಮೊದಲಿನವು ಬರೀ ಮಸುಕು. ಒಂದರಲ್ಲಿ ಮಾತ್ರ ಹುಳ ತೂತಿನ ಬಾಯಲ್ಲಿ ನಿಂತಿತ್ತು.

ಮಾಸ್ತರ ಉತ್ತರ ಧ್ವನಿಯಲ್ಲೇ ಬಂತು. "ಸೊಂಟ ನೋಡಿ ಅಕ್ಕಾ. ಗೂಡು ಕಟ್ಟಿದ ಕಣಜಕ್ಕೆ ನೂಲಿನಂಥ ಸೊಂಟ ಇರುತ್ತೆ. ಇದಕ್ಕಿಲ್ಲ. ಹೊಟ್ಟೆಯಡಿ ಇರೋದು ಹೂವಿನ ಪರಾಗ. ಇದು ಜೇನು. ಆದ್ರೆ ಪೆಟ್ಟಿಗೆಯಲ್ಲಿ ಸಾಕುವ ಜೇನಲ್ಲ. ಇದಕ್ಕೆ ರಾಣಿ, ಆಳು, ಜೇನುಹುಟ್ಟು, ಯಾವುದೂ ಇಲ್ಲ. ಒಂದೇ ಹೆಣ್ಣು ತಾನೇ ಜಾಗ ಹುಡುಕಿ, ಊಟ ತುಂಬಿ, ಮೊಟ್ಟೆಯಿಟ್ಟು, ಬಾಗಿಲು ಹಾಕಿ ಹೋಗುತ್ತೆ. ಒಂಟಿ ಜೇನು ಅಂತಾರೆ. ಬೇರೆಯವರು ಬಿಟ್ಟ ತೂತು ಇದಕ್ಕೆ ಇಷ್ಟ. ಇದ್ರಲ್ಲೂ ಬಗೆ ಇವೆ. ಬಾಗಿಲಿಗೆ ಎಂತ ಹಚ್ಚುತ್ತೆ ನೋಡಿ ಹೇಳಿ. ಮಣ್ಣಾ, ಅಂಟಾ, ಎಲೆಯಾ?"

ಅಲ್ಲಿಂದ ಅವಳದು ಅದೇ ಕೆಲಸವಾಯಿತು. ಬಾಗಿಲು ಹಾಕುವುದನ್ನು ಕಾಯುತ್ತ ಕೂತವಳು ಹಿತ್ತಲಿನಲ್ಲಿ ಬೇರೆಯವನ್ನೂ ನೋಡಿದಳು. ಕಾಮಕಸ್ತೂರಿಯ ಹೂವಿಗೆ ಬರುತ್ತಿದ್ದ ನೀಲಿ ಪಟ್ಟೆಯದು, ಒಂದು ಕಡೆ ನಿಲ್ಲದ್ದು. ಬಸಳೆ ಚಪ್ಪರದ ಬಿದಿರು ಕೊರೆದು ಒಳಸೇರಿದ್ದ ದಪ್ಪ ಕಪ್ಪಿನದು. ಅದನ್ನು ನಾವು ದುಂಬಿ ಎಂದು ಓಡಿಸುತ್ತಿದ್ದೆವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗಟ್ಟಿ ನೆಲದಲ್ಲಿ ಇರುವೆ ಗೂಡೆಂದುಕೊಂಡಿದ್ದ ಸಣ್ಣ ತೂತುಗಳಿಂದ ಹೊರಬರುತ್ತಿದ್ದ ಪುಟಾಣಿಗಳು. ಎಲ್ಲವೂ ಒಂಟಿ ಜೇನುಗಳೇ ಎಂದರು ಮಾಸ್ತರು. ಇಷ್ಟು ವರ್ಷ ಅಲ್ಲೇ ಬಟ್ಟೆ ಒಗೆದರೂ ಒಂದನ್ನೂ ಕಂಡಿರಲಿಲ್ಲ ಎಂದು ಅವಳಿಗೆ ಆಶ್ಚರ್ಯ. ನನಗೇನೂ ಆಶ್ಚರ್ಯವಾಗಲಿಲ್ಲ. ಆ ಹೆಂಗಸನ್ನು ಅದುವರೆಗೆ ಸುಮ್ಮನೆ ಕೂರಲು ಬಿಟ್ಟವರು ಯಾರು?

ಒಂದು ಮಧ್ಯಾಹ್ನ ನನ್ನನ್ನು ಕೂಗಿದಳು. ಗುಲಾಬಿ ಗಿಡದ ಎಲೆಗಳ ಅಂಚಿನಲ್ಲಿ ಗುಂಡಗೆ ಕತ್ತರಿಸಿದ ಗುರುತು. ಹುಳು ತಿಂದರೆ ಚಿಂದಿಯಾಗುತ್ತದೆ, ಇದು ಚಿಂದಿಯಲ್ಲ. ಶಿಲ್ಪಶ್ರೀ ಬೆರಳಿನಿಂದ ಸವರಿ, "ಕತ್ತರಿ ಹಿಡಿಯೂದು ಗೊತ್ತದೆ ಇದ್ಕೆ" ಎಂದಳು. ನೋಡುತ್ತಿದ್ದಂತೆ ಅದು ಬಂತು. ಎಲೆಯ ಅಂಚಿಗೆ ಕೂತು, ಮೈ ತಿರುಗಿಸುತ್ತ ಒಂದು ಸುತ್ತು ಕತ್ತರಿಸಿ, ಆ ತುಂಡನ್ನು ಕಾಲಿನ ನಡುವೆ ಮಡಿಸಿಕೊಂಡು ಹಾರಿತು. ನಾವು ಕಿಟಕಿಗೆ ಬರುವಷ್ಟರಲ್ಲಿ ಮಣ್ಣಿನ ಗೂಡಿನ ತೂತಿಗೆ ಹಸಿರು ಮುಚ್ಚಳ ಬೀಳುತ್ತಿತ್ತು. ಫೋಟೋ ಹೋಯಿತು. ಎಲೆ ಕತ್ತರಿಸುವ ಒಂಟಿ ಜೇನು, ಸಂಶಯವೇ ಇಲ್ಲ ಎಂದು ಮಾಸ್ತರು ಬರೆದರು.

"ಈಗ ಅತ್ತೆನ ಕರೀತೀನಿ" ಎಂದಳು. ನಾನು ಹೊರಡಲು ನೋಡಿದೆ. "ನೀವು ಇರಿ ಅಕ್ಕಾ" ಎಂದಳು.

ಪುಟ್ಟಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಸೊಸೆ ಅವರ ಕನ್ನಡಕ ಹುಡುಕಿ ಕೊಟ್ಟಳು. ಗೂಡು ತೋರಿಸಿದಳು, ಹಸಿರು ಮುಚ್ಚಳ ತೋರಿಸಿದಳು, ಗುಲಾಬಿ ಎಲೆ ತಂದು ಕೈಗಿಟ್ಟಳು. ಮೊಬೈಲಿನಲ್ಲಿ ಮಾಸ್ತರು ಕಳಿಸಿದ ಕಣಜದ ಚಿತ್ರ, ಇದರ ಚಿತ್ರ, ಎರಡೂ ತೋರಿಸಿ ಸೊಂಟ ನೋಡಿ ಎಂದಳು. ಮಾಸ್ತರ ಮಾತನ್ನೂ ಕೇಳಿಸಿದಳು. ಪಾಠ ಒಪ್ಪಿಸುವ ಹುಡುಗಿಯಂತೆ ಒಂದನ್ನೂ ಬಿಡದೆ ಹೇಳಿದಳು. ಪುಟ್ಟಕ್ಕ ತಾಳ್ಮೆಯಿಂದ ಎಲ್ಲವನ್ನೂ ನೋಡಿದರು, ಕೇಳಿದರು.

"ಹೌದೇ. ನೀನ್ ಹೇಳಿದ್ ಖರೆ. ಕಣಜ ಅಲ್ಲ, ಜೇನು" ಎಂದರು. ಶಿಲ್ಪಶ್ರೀ ಉಸಿರು ಬಿಟ್ಟಳು.

ಪುಟ್ಟಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕಣಜಕ್ಕಿಂತ ಜೇನು ಒಳ್ಳೇದಲ್ದಾ? ಖಾಲಿಯಾದ ಗೂಡಿಗೆ ಜೇನು ಬಂದು ಮೊಟ್ಟೆ ಇಡ್ತು ಅಂದ್ರೆ ಇದಕ್ಕಿಂತ ಎಂತ ಬೇಕು? ನಾಳೆ ಮಂಗಳವಾರ. ಶೃಂಗೇರಿಗೆ ಹೋಗಿ ಬರುವ."

ನಾನು ಗೋಡೆ ನೋಡಿದೆ. ಶಿಲ್ಪಶ್ರೀ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಅಷ್ಟು ದಿನ ಕಣ್ಣು ನೋಯಿಸಿಕೊಂಡು ಹುಡುಕಿದ ಪುರಾವೆಯೆಲ್ಲ ಅತ್ತೆಯ ಒಂದೇ ಮಾತಿನಲ್ಲಿ ಶಕುನದ ಕಡೆಗೇ ಹೋಗಿ ಸೇರಿತ್ತು. ಯಾವ ಹುಳ ಬಂದರೂ, ಬಾರದಿದ್ದರೂ ಅದು ಹಾಗೆಯೇ ಸೇರುತ್ತಿತ್ತು. ಅವಳಿಗೆ ಅದು ಆಗ ಗೊತ್ತಾಯಿತು ಎಂದು ಕಾಣುತ್ತದೆ.

"ಅತ್ತೇ, ಹುಳದ ಮಾತು ಸಾಕು" ಎಂದಳು. "ನಾವು ನಿಲ್ಸಿದೀವಿ. ಡಾಕ್ಟ್ರ ಹತ್ರ ಹೋಗೂದು ನಿಲ್ಸಿ ಮೂರು ವರ್ಷದ ಮೇಲಾಯ್ತು. ನಮಗೆ ಆಗಲ್ಲ ಅಂತ ಹೇಳಿದಾರೆ. ಇನ್ನು ಬೇಡ ಅಂತ ನಾವೂ ಅಂದ್ಕಂಡಿದೀವಿ. ನಾನು ಅತ್ತು ಮುಗ್ಸಿದೀನಿ ಅತ್ತೇ. ಮತ್ತೆ ಶುರು ಮಾಡಕ್ಕೆ ನನ್ ಹತ್ರ ಏನೂ ಉಳಿದಿಲ್ಲ."

ಪುಟ್ಟಕ್ಕ ಕೈಯಲ್ಲಿದ್ದ ಗುಲಾಬಿ ಎಲೆಯನ್ನು ಕಿಟಕಿಯ ಮೇಲಿಟ್ಟರು. ಆಮೇಲೆ ಕೇಳಿದರು. "ಸುಂದರೇಶಂಗೂ ಇದು ಒಪ್ಪಿಗೆಯಾ?"

"ಅವ್ರೇ ಮೊದ್ಲು ಸಾಕು ಅಂದಿದ್ದು."

"ಮತ್ತೆ ನಾನು ಕಾಯಿ ಕಟ್ಟುವಾಗೆಲ್ಲ ನೀವಿಬ್ರೂ ಪಕ್ಕದಲ್ಲೇ ನಿಂತಿರ್ತಿದ್ರಿ."

"ಹೌದತ್ತೆ."

"ಎಂತಕ್ಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗ್ತದೆ ಅಂತ."

ಪುಟ್ಟಕ್ಕನ ಮುಖ ಸಣ್ಣದಾಯಿತು. ಅವರು ಅಳುತ್ತಾರೆ, ಇಲ್ಲವೇ ಕೂಗಾಡುತ್ತಾರೆ ಎಂದು ನಾನು ಕಾದೆ. ಎರಡೂ ಆಗಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ಕೊಡೆ ಹಿಡಿದುಕೊಂಡು ಬಂದರು. ಆ ಉರಿಬಿಸಿಲಿಗೆ ಎಲ್ಲಿಗೆ ಎಂದು ನಾವು ಕೇಳುತ್ತಿದ್ದಂತೆ ಗೇಟು ತೆಗೆದು ರಸ್ತೆಗಿಳಿದರು. ಮುನಿಸಿಕೊಂಡು, ಮದುವೆ ಮಾಡಿ ಕೊಟ್ಟ ಮಗಳ ಮನೆಗೆ ಹೊರಟರು ಎಂದುಕೊಂಡೆವು. ಶಿಲ್ಪಶ್ರೀ ಸುಂದರೇಶನಿಗೆ ಫೋನ್ ಮಾಡಿದಳು. ಅವನು ಲೋಡ್ ಹಾಕಿಕೊಂಡು ದೂರದಲ್ಲೆಲ್ಲೋ ಇದ್ದ. "ಹೇಳೇಬಿಟ್ಯಾ?" ಎಂದನಂತೆ. ಆಮೇಲೆ, "ಒಳ್ಳೇದಾಯ್ತು" ಎಂದನಂತೆ. ಬಹಳ ದೊಡ್ಡ ಮಾತು ಹೇಳಿದ ಮಹಾರಾಯ.

ಪುಟ್ಟಕ್ಕ ಎಲ್ಲಿಗೆ ಹೋಗಿದ್ದರು ಎಂದು ನನಗೆ ತಿಳಿದದ್ದು ಅಂಗಡಿಗೆ ಬಂದವರ ಬಾಯಿಂದ. ಡೈರಿಗೆ ಹೋದರಂತೆ. ಸಂಘದವರ ಮನೆಗಳಿಗೆ ಹೋದರಂತೆ. ಯಾರ ಯಾರ ಮುಂದೆ ನಕ್ಕು ಸುದ್ದಿ ಹೇಳಿದ್ದರೋ ಅವರ ಮನೆಗಳ ಜಗಲಿ ಹತ್ತಿ, ಕೊಟ್ಟ ನೀರನ್ನೂ ಕುಡಿಯದೆ, ನಿಂತೇ ಹೇಳಿದರಂತೆ: "ನಾನು ಹೇಳಿದ್ದು ಸುಳ್ಳು. ನನ್ ಸೊಸೆಗೆ ಎಂತದೂ ಇಲ್ಲ, ಇನ್ನು ಆಗೂದೂ ಇಲ್ಲ. ಅವಳನ್ನ ಯಾರೂ ಕೇಳ್ಬೇಡಿ. ಹೊಲಿಯೂದಿದ್ರೆ ಬಟ್ಟೆ ಕೊಡಿ." ಇಡೀ ಊರಿನಲ್ಲಿ ತಲೆ ಎತ್ತಿ ನಡೆದ ಹೆಂಗಸು. ಇದನ್ನು ಕೇಳುತ್ತ ನನಗೆ ಹುಕ್ಕಿನ ಲೆಕ್ಕ ತಪ್ಪಿತು. ಹಾಗಾಗುವುದು ನನಗೆ ಅಪರೂಪ.

ಹೊತ್ತು ಇಳಿಯುವಾಗ ಅವರು ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಬಂದರು. ಕೊಡೆ ಕಂಕುಳಲ್ಲಿತ್ತು, ಮುಖವೆಲ್ಲ ಬೆವರು. ನಾನು ಬೇಲಿ ದಾಟಿ ಹೋಗಿ ಒಂದು ಚೀಲ ತೆಗೆದುಕೊಂಡೆ. ಒಳಗೆ ಬ್ಲೌಸ್ ಪೀಸುಗಳು, ಅಳತೆಯ ಹಳೆಯ ಬ್ಲೌಸುಗಳು. ಕೋಣೆಯಲ್ಲಿ ಶಿಲ್ಪಶ್ರೀ ಮಿಷನ್ನಿನ ಪಕ್ಕ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ದಿಂಬೂ ಇಲ್ಲ, ಕೈಯೇ ತಲೆಯಡಿಗೆ, ಬಾಯಿ ತುಸು ತೆರೆದಿತ್ತು. ಅವಳು ಹಗಲು ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಎಬ್ಬಿಸಲು ಬಗ್ಗಿದೆ. ಪುಟ್ಟಕ್ಕ ಬೇಡವೆಂದು ಕೈ ಸನ್ನೆ ಮಾಡಿದರು. ಚೀಲಗಳನ್ನು ಸದ್ದಾಗದ ಹಾಗೆ ಮಿಷನ್ನಿನ ಕೆಳಗೆ ಇಟ್ಟರು.

ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ತನ್ನ ಮಗಳ ಮದುವೆಯ ಬಟ್ಟೆ ಕೊಡಲು ಬಂದ ಹೆಂಗಸು, ಪಕ್ಕದೂರಿನವಳು, ಹಳೆಯ ಸುದ್ದಿ ಕೇಳಿದ್ದವಳು. ಬಾಗಿಲಿನಿಂದ ಇಣುಕಿ ಚಾಪೆಯ ಮೇಲೆ ಮಲಗಿದವಳನ್ನು ನೋಡಿ ಅವಳ ಮುಖ ಅರಳಿತು. "ಹಗಲು ಹೊತ್ತಲ್ಲಿ ಮಲಗಿದಾಳೆ ಅಂದ್ರೆ ಸುದ್ದಿ ಖರೆಯೇ ಹಂಗಾರೆ, ಪುಟ್ಟಕ್ಕಾ?"

ಪುಟ್ಟಕ್ಕ ಹೊಸಿಲಿಗೆ ಅಡ್ಡ ನಿಂತರು.

"ಅವ್ಳಿಗೆ ಸುಸ್ತಾಗದೆ" ಎಂದರು. "ಬೇರೆ ಎಂತದೂ ಇಲ್ಲ. ಬರೀ ಸುಸ್ತು. ಬಟ್ಟೆ ಕೊಟ್ಟು ಹೋಗು, ಎದ್ಮೇಲೆ ನೋಡ್ತಾಳೆ."

ಬಟ್ಟೆ ತೆಗೆದುಕೊಂಡು, ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದು, ಅದರ ಮುಂದೆ ನೆಲದ ಮೇಲೆಯೇ ಕೂತರು.